ಅಜ್ಜನ ನಾಡಿಗೆ ಒಂದು ನಿಮಿಷ

'ಹಾರ್ಟ್‌ಫೇಲ್ ಆತಂತ' ಎಂಬ ಮಾತು ತಿಮ್ಮಾಪುರದ ಕಟ್ಟೆಯ ಮೇಲೆ ಕೇಳಿಬಂದರೆ ಅದಕ್ಕೆ ಅರ್ಥ ಒಂದೇ. ಯಾರೋ ತೀರಿಕೊಂಡಿದ್ದಾರೆ, ಕೇಳಿದವರು ಮಣ್ಣಿಗೆ ಹೊರಡಬೇಕು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲ ಕಡೆಯೂ ಜನ ಈ ಮಾತನ್ನು ಬಳಸುವುದು ಹೀಗೆಯೇ. ಆದ್ದರಿಂದ ದೊಡ್ಡಾಸ್ಪತ್ರೆಯಿಂದ ಮರಳಿ ಬಂದ ಅಜ್ಜನ ಡಿಸ್ಚಾರ್ಜ್ ಕಾರ್ಡಿನಲ್ಲಿ ಅದೇ ಪದಗಳನ್ನು ಹತ್ತನೇ ಇಯತ್ತೆಯ ಮೊಮ್ಮಗಳು ಕೂಡಿಸಿ ಓದಿದರೆ ಮನೆಯಲ್ಲಿ ಗಾಬರಿ ಹುಟ್ಟುವುದು ಸಹಜ. "ಹಾರ್ಟ್‌ಫೇಲ್ ಅಂತ ಬರದಾರ. ಅಜ್ಜ ನೋಡಿದ್ರ ಇಲ್ಲೇ ಕುಂತು ಚಾ ಕುಡ್ಯಾಕತ್ತಾನ!"

ಕಾರ್ಡಿನಲ್ಲಿ ಬರೆದದ್ದು ತಪ್ಪಲ್ಲ. ವೈದ್ಯರ ಭಾಷೆಯಲ್ಲಿ ಆ ಪದಕ್ಕೆ ಸಾವು ಎಂಬ ಅರ್ಥವಿಲ್ಲ; ಹೃದಯ ನಿಂತಿದೆ ಎಂದೂ ಅಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳುವ ಕಸುವು ಹೃದಯಕ್ಕೆ ಉಳಿದಿಲ್ಲ, ಇಲ್ಲವೆ ಅದರ ಗೋಡೆ ಬಿರುಸಾಗಿ ರಕ್ತ ಸರಿಯಾಗಿ ತುಂಬಿಕೊಳ್ಳುತ್ತಿಲ್ಲ ಎಂದು ಅರ್ಥ. ಕನ್ನಡದಲ್ಲಿ ಹೃದಯ ವೈಫಲ್ಯ ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಔಷಧಿ, ಪಥ್ಯ, ಎಚ್ಚರಗಳೊಂದಿಗೆ ಹಲವಾರು ವರ್ಷ ಬದುಕುವವರು ಇದ್ದಾರೆ. ಆದರೆ ಅಂಥವರ ಬದುಕಿನಲ್ಲಿ ಕಸುವಿನ ಜೊತೆಗೆ ಇನ್ನೊಂದು ಸಂಗತಿಯನ್ನು ಗಮನಿಸುತ್ತ ಇರಬೇಕಾಗುತ್ತದೆ. ಅದು ಹೃದಯದ ತಾಳ. ಅದನ್ನು ಮೊದಲು ಪತ್ತೆ ಹಚ್ಚಲು ಮೂರು ಬೆರಳು, ಒಂದು ಗಡಿಯಾರ ಸಾಕು. ಶಾಲೆಯ ಹುಡುಗಿಯೂ ಹಚ್ಚಬಲ್ಲಳು.

ಸೋತ ಪಂಪ್‌ಸೆಟ್

ತಿಮ್ಮಾಪುರ ಕಬ್ಬಿನ ಸೀಮೆಯ ಊರು. ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದದ್ದು. ಘಟಪ್ರಭೆಯ ದಂಡೆಯಿಂದ ಹೊಲಕ್ಕೆ ನೀರೆತ್ತುವ ಮೋಟಾರು ಇಲ್ಲಿನ ಮಕ್ಕಳಿಗೆ ಪರಿಚಿತ. ಮೋಟಾರು ಸೋತಾಗ ಏನಾಗುತ್ತದೆ? ತಗ್ಗಿನ ಮಡಿಗೆ ನೀರು ಹೇಗೋ ಬರುತ್ತದೆ, ದಿಬ್ಬದ ಮೇಲಿನ ಮಡಿ ಒಣಗುತ್ತದೆ. ಹೃದಯವೂ ಹೀಗೆ. ಆರೋಗ್ಯವಂತನ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ, ಅಂದರೆ ದಿನಕ್ಕೆ 7,000 ಲೀಟರಿಗೂ ಹೆಚ್ಚು. ನಿಮಿಷಕ್ಕೆ 72 ಮಿಡಿತವೆಂದು ಹಿಡಿದರೆ ದಿನವೊಂದಕ್ಕೆ ಲಕ್ಷ ದಾಟುತ್ತದೆ. ಈ ಯಂತ್ರ ಸೋತಾಗ ಹೊಲಕ್ಕೆ ನಡೆದರೂ ದಣಿವು. ಮುಂದೆ ಹೋಗಲಾರದ ರಕ್ತದ ಒತ್ತಡ ಹಿಂದೆ ಏರಿ ಪುಪ್ಪುಸದಲ್ಲಿ ನೀರು ಜಿನುಗುತ್ತದೆ, ಕಾಲು ಬಾಯುತ್ತದೆ. ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾರೆ. ಒಂದು ದಿಂಬು ಎರಡಾಗಿ, ಎರಡು ಮೂರಾಗುತ್ತದೆ.

ಹಳೆಯ ಹೃದಯಾಘಾತದ ಕಲೆ, ವರ್ಷಗಟ್ಟಲೆ ನೋಡದೆ ಬಿಟ್ಟ ರಕ್ತದೊತ್ತಡ, ಕೆಟ್ಟ ಕವಾಟ, ಅತಿಯಾದ ಕುಡಿತ, ಹೀಗೆ ಕಾರಣಗಳು ಹಲವು. ಕೆಲವರಲ್ಲಿ ಕಾರಣ ಸಿಗುವುದೇ ಇಲ್ಲ.

ಮಗ್ಗದ ಸದ್ದಿನ ಹಾಗೆ

ಇನ್ನು ತಾಳದ ವಿಚಾರ. ಇದಕ್ಕೆ ಪಂಪಿಗಿಂತ ಪಕ್ಕದ ರಬಕವಿ-ಬನಹಟ್ಟಿಯ ಮಗ್ಗವೇ ಒಳ್ಳೆಯ ಹೋಲಿಕೆ. ಮೊದಲು ಹಾಸಿನ ಎಳೆಗಳು ಬಾಯಿ ತೆರೆಯಬೇಕು, ಆಮೇಲೆ ಲಾಳಿ ದಾಟಬೇಕು, ಆಮೇಲೆ ಹಣಿಗೆ ಬಡಿಯಬೇಕು. ಈ ಕ್ರಮ ಒಂದಿಷ್ಟು ಹಿಂದುಮುಂದಾದರೂ ಎಳೆ ಹರಿಯುತ್ತದೆ. ಪಳಗಿದ ನೇಕಾರ ನೂಲು ನೋಡುವ ಮೊದಲೇ ಸದ್ದಿನಲ್ಲಿ ತಪ್ಪು ಹಿಡಿಯುತ್ತಾನೆ.

ಹೃದಯದಲ್ಲೂ ಕ್ರಮ ಉಂಟು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಪುಟ್ಟ ಗಂಟೊಂದರಿಂದ ವಿದ್ಯುತ್ ಸಂದೇಶ ಹೊರಡುತ್ತದೆ. ಮೇಲಿನ ಎರಡು ಹೃತ್ಕರ್ಣಗಳು ಮೊದಲು ಕುಗ್ಗಿ ರಕ್ತವನ್ನು ಕೆಳಗೆ ತುಂಬುತ್ತವೆ. ನಡುವಿನ ಇನ್ನೊಂದು ಗಂಟು ಸಂದೇಶವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ತಡೆದು ಬಿಡುತ್ತದೆ; ಅಷ್ಟರಲ್ಲಿ ತುಂಬುವುದು ಮುಗಿದಿರುತ್ತದೆ. ಬಳಿಕ ಕೆಳಗಿನ ಹೃತ್ಕುಕ್ಷಿಗಳು ಬಲವಾಗಿ ಕುಗ್ಗುತ್ತವೆ. ಮೇಲಿನ ಆ ಗಂಟನ್ನು 1907ರಲ್ಲಿ ಜಗತ್ತಿಗೆ ತಿಳಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಫ್ಲ್ಯಾಕ್ ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿ. ಅವನು ಅದನ್ನು ಮೊದಲು ಕಂಡದ್ದು ನೆಲದೊಳಗೆ ಬಿಲ ತೋಡುವ ಮೋಲ್ ಎಂಬ ಸಣ್ಣ ಪ್ರಾಣಿಯ ಹೃದಯದಲ್ಲಿ!

ಸೋತ ಹೃದಯದಲ್ಲಿ ಈ ಕ್ರಮ ಕೆಡಲು ಕಾರಣ ಬೇಕಾದಷ್ಟಿವೆ. ಕೋಣೆಗಳು ಹಿಗ್ಗಿ ಗೋಡೆ ಜಗ್ಗಿರುತ್ತದೆ. ಹಳೆಯ ಗಾಯದ ಕಲೆಯ ಸುತ್ತ ವಿದ್ಯುತ್ತು ದಾರಿ ತಪ್ಪಿ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಕುಂದಿದ ಹರಿವನ್ನು ಸರಿದೂಗಿಸಲು ದೇಹ ಸುರಿಸುವ ಅಡ್ರಿನಲಿನ್‌ನಂಥ ರಸಗಳು ಹೃದಯವನ್ನು ಕೆರಳಿಸುತ್ತವೆ. ಮೈಯ ನೀರಿಳಿಸಲು ಕೊಡುವ ಮೂತ್ರವರ್ಧಕ ಗುಳಿಗೆ ಪೊಟ್ಯಾಸಿಯಮ್ಮನ್ನೂ ಹೊರಕ್ಕೆ ಹಾಕುತ್ತದೆ. ಅದು ತೀರ ಇಳಿದರೂ ತಾಳ ತಪ್ಪುತ್ತದೆ, ತೀರ ಏರಿದರೂ ತಪ್ಪುತ್ತದೆ.

ಮಣಿಕಟ್ಟು ಹೇಳುವ ಸುದ್ದಿ

ಹೀಗೆ ತಪ್ಪುವ ತಾಳಗಳಲ್ಲಿ ಹೆಚ್ಚು ಕಾಣಿಸುವುದು ಹೃತ್ಕರ್ಣದ ಕಂಪನ. ಮೇಲಿನ ಕೋಣೆಗಳು ಕುಗ್ಗುವುದನ್ನು ಬಿಟ್ಟು ನಿಮಿಷಕ್ಕೆ 350ರಿಂದ 600 ಸಲದ ವೇಗದಲ್ಲಿ ಬರೀ ನಡುಗುತ್ತವೆ. ನಡುವಿನ ಗಂಟು ಈ ಗದ್ದಲದಲ್ಲಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಕೆಳಗೆ ಬಿಡುತ್ತದೆ. ಪರಿಣಾಮವಾಗಿ ನಾಡಿಗೆ ಯಾವ ಲೆಕ್ಕವೂ ಉಳಿಯುವುದಿಲ್ಲ. ಎರಡು ಬೇಗ, ಒಂದು ತಡ, ಒಂದು ದೊಡ್ಡದು, ಒಂದು ಸಣ್ಣದು. ಕೆಲವು ಮಿಡಿತಗಳು ಎಷ್ಟು ಬಡವೆಂದರೆ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಕೇಳಿಸುತ್ತವೆ, ಮಣಿಕಟ್ಟಿಗೆ ಮುಟ್ಟುವುದೇ ಇಲ್ಲ. ಎದೆಯಲ್ಲಿ 120, ಕೈಯಲ್ಲಿ 90! ವೈದ್ಯರು ಇದನ್ನು ನಾಡಿಯ ಕೊರತೆ ಎನ್ನುತ್ತಾರೆ.

ಗಟ್ಟಿ ಹೃದಯವಾದರೆ ಇದನ್ನು ಒಂದಷ್ಟು ತಾಳಿಕೊಳ್ಳುತ್ತದೆ. ಸೋತ ಹೃದಯಕ್ಕೆ ಕಷ್ಟ. ಮೇಲಿನ ಕೋಣೆಗಳ ಕುಗ್ಗುವಿಕೆಯಿಂದ ಸಿಗುತ್ತಿದ್ದ ಐದನೆಯ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ತುಂಬುವಿಕೆ ಒಮ್ಮೆಲೆ ಇಲ್ಲವಾಗುತ್ತದೆ. ನಿನ್ನೆಯವರೆಗೆ ಗುಡಿಗೆ ನಡೆದು ಹೋಗುತ್ತಿದ್ದ ಅಜ್ಜ ಇವತ್ತು ಬಚ್ಚಲಿಗೆ ಹೋಗಿಬರಲೂ ಏದುಸಿರು ಬಿಡುತ್ತಾನೆ. "ಎದ್ಯಾಗ ಡವಡವ ಅಂತೈತೋ ತಮ್ಮಾ" ಎಂದು ಹೇಳಿದರೂ ಹೇಳಬಹುದು. ಏನೂ ಅನ್ನಿಸದೆಯೂ ಇರಬಹುದು. ವಾರಗಟ್ಟಲೆ ಹೀಗೆ ವೇಗವಾಗಿ ಓಡಿದ ಹೃದಯ ಇನ್ನಷ್ಟು ಸೋಲುತ್ತದೆ. ಸೋಲಿನಿಂದ ತಾಳ ಕೆಟ್ಟಿತೋ, ತಾಳ ಕೆಟ್ಟು ಸೋಲು ಬಂತೋ ಎಂದು ತಜ್ಞರೂ ತಲೆ ಕೆರೆದುಕೊಳ್ಳುವ ಪ್ರಸಂಗಗಳಿವೆ. ಎರಡನೆಯದಾಗಿದ್ದರೆ ವೇಗವನ್ನು ಹತೋಟಿಗೆ ತಂದಾಗ ಹೃದಯ ಬಹುಮಟ್ಟಿಗೆ ಚೇತರಿಸಿಕೊಳ್ಳುವುದೂ ಉಂಟು.

ಇನ್ನೊಂದು ಅಪಾಯ ತಲೆಯದು. ನಡುಗುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹರಿದು ಮಿದುಳಿನ ನಾಳಕ್ಕೆ ಸಿಕ್ಕಿಕೊಂಡರೆ ಲಕ್ವ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ 1978ರಲ್ಲಿ ತಿಳಿಸಿದಂತೆ, ಹೃತ್ಕರ್ಣ ಕಂಪನವಿದ್ದವರಿಗೆ ಈ ಅಪಾಯ ಐದು ಪಟ್ಟಿಗೂ ಹೆಚ್ಚು. ಅದರ ಜೊತೆಗೆ ರುಮ್ಯಾಟಿಕ್ ಕವಾಟ ರೋಗವೂ ಇದ್ದರೆ 17 ಪಟ್ಟು. ಅದಕ್ಕಾಗಿಯೇ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಕೊಡುತ್ತಾರೆ. ಅವುಗಳಲ್ಲಿ ಹಳೆಯದಾದ ವಾರ್ಫರಿನ್ ನುಂಗುವವರು ಗೊತ್ತುಪಡಿಸಿದ ದಿನ ರಕ್ತಪರೀಕ್ಷೆ ತಪ್ಪಿಸಬಾರದು. ರೊಟ್ಟಿಯ ಜೊತೆ ಮೆಂತ್ಯ, ಪಾಲಕ, ಹಕ್ಕರಕಿ ಇಲ್ಲದೆ ಈ ಸೀಮೆಯ ಊಟವಿಲ್ಲ. ಸೊಪ್ಪು ಬಿಡಬೇಕಾಗಿಲ್ಲ, ಒಂದು ವಾರ ಬುಟ್ಟಿಗಟ್ಟಲೆ, ಮುಂದಿನ ವಾರ ಏನೂ ಇಲ್ಲ ಎಂದಾಗಬಾರದು, ಅಷ್ಟೇ. ಹೊಸ ಗುಳಿಗೆಗಳಿಗೆ ಈ ಪರೀಕ್ಷೆಯ ಗೋಜಿಲ್ಲ. ಆದರೆ ರುಮ್ಯಾಟಿಕ್ ಕವಾಟ ರೋಗವಿದ್ದವರಿಗೆ ಹಳೆಯ ವಾರ್ಫರಿನ್ ಮಾದರಿಯ ಗುಳಿಗೆಯೇ ಮೇಲೆಂದು ಭಾರತದ ರೋಗಿಗಳೂ ಸೇರಿದ್ದ ದೊಡ್ಡ ಅಧ್ಯಯನವೊಂದು 2022ರಲ್ಲಿ ತೋರಿಸಿತು.

ಎಲ್ಲಕ್ಕಿಂತ ಗಂಭೀರವಾದದ್ದು ಕೆಳಗಿನ ಕೋಣೆಗಳ ತಾಳ ಕೆಡುವುದು. ಅಲ್ಲೊಂದು ಇಲ್ಲೊಂದು ಅಡ್ಡಮಿಡಿತ ಎಲ್ಲರಿಗೂ ಬರುತ್ತದೆ. ಅವೇ ಸಾಲುಗಟ್ಟಿ ಓಡತೊಡಗಿದರೆ ತಲೆಸುತ್ತು, ಎಚ್ಚರ ತಪ್ಪುವುದು. ಕೆಳಕೋಣೆಗಳೇ ನಡುಗತೊಡಗಿದರೆ ಕೆಲವೇ ನಿಮಿಷಗಳಲ್ಲಿ ಸಾವು. ಹೃದಯ ವೈಫಲ್ಯದವರಲ್ಲಿ ರಾತ್ರಿ ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ ಎಂಬ ಸಾವುಗಳಲ್ಲಿ ಗಣನೀಯ ಪಾಲು ಇದರದು.

ಎಲ್ಲರೂ ಮೋಸಹೋದ ಕಥೆ

ಹಾಗಾದರೆ ಅಡ್ಡಮಿಡಿತಗಳನ್ನು ಔಷಧಿಯಿಂದ ಅಳಿಸಿಬಿಟ್ಟರೆ ಆಯಿತಲ್ಲ? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಜಗತ್ತಿನ ಒಳ್ಳೆಯ ಹೃದಯತಜ್ಞರೆಲ್ಲ ಒಂದು ಕಾಲಕ್ಕೆ ಹೀಗೆಯೇ ಯೋಚಿಸಿದ್ದರು. ಹೃದಯಾಘಾತದಿಂದ ಬದುಕುಳಿದವರಲ್ಲಿ ಅಡ್ಡಮಿಡಿತ ಹೆಚ್ಚಿದ್ದರೆ ಸಾವೂ ಹೆಚ್ಚು ಎಂದು ಗೊತ್ತಿತ್ತು. ಅವನ್ನು ಚೆನ್ನಾಗಿ ಅಡಗಿಸುವ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳೂ ಇದ್ದವು. ಅಮೆರಿಕದಲ್ಲಿ ಪರೀಕ್ಷೆ ನಡೆಯಿತು: 755 ಮಂದಿಗೆ ಔಷಧಿ, 743 ಮಂದಿಗೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆ. ಇಸಿಜಿಯಲ್ಲಿ ಅಡ್ಡಮಿಡಿತಗಳು ಮಾಯವಾದವು. ಆದರೆ ಸತ್ತವರ ಲೆಕ್ಕ? ಹುಸಿಗುಳಿಗೆಯವರಲ್ಲಿ 26, ಔಷಧಿ ನುಂಗಿದವರಲ್ಲಿ 63. ಪರೀಕ್ಷೆಯ ಈ ಭಾಗವನ್ನು 1989ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಪಟ್ಟಿಯಲ್ಲಿ ಚಂದ ಕಾಣಿಸಿದ ತಾಳ ರೋಗಿಯನ್ನು ಉಳಿಸಿರಲಿಲ್ಲ. ನೆರೆಮನೆಯವರ ಎದೆಬಡಿತದ ಗುಳಿಗೆಯನ್ನು ಕೇಳಿ ಪಡೆದು ನುಂಗುವವರು ಇಂದಿಗೂ ಇದ್ದಾರೆ. ಅವರಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆ ಬೀಟಾ ಬ್ಲಾಕರ್ ಎಂಬ ಔಷಧಿಗಳದು. ಇವು ಹೃದಯದ ಓಟವನ್ನು ತಗ್ಗಿಸುತ್ತವೆ, ಆದ್ದರಿಂದ ಸೋತ ಹೃದಯಕ್ಕೆ ವಿಷವೆಂದೇ ಪುಸ್ತಕಗಳು ಹೇಳುತ್ತಿದ್ದವು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಕೇವಲ ಏಳು ರೋಗಿಗಳಿಗೆ ಎಚ್ಚರದಿಂದ ಕೊಟ್ಟು, ಅವರು ಸುಧಾರಿಸಿದ್ದನ್ನು 1975ರಲ್ಲಿ ಪ್ರಕಟಿಸಿದರು. ನಂಬಿದವರು ಕಡಿಮೆ. 1999ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಸಾವು ಸುಮಾರು ಮೂರನೆಯ ಒಂದು ಪಾಲು ತಗ್ಗಿತ್ತು, ಹಠಾತ್ ಸಾವೂ ತಗ್ಗಿತ್ತು. ಇಂದು ಸೋತು ಹಿಗ್ಗಿದ ಹೃದಯದ ಚಿಕಿತ್ಸೆಯಲ್ಲಿ ಇವು ಮುಖ್ಯ ಗುಳಿಗೆಗಳು. ಸಣ್ಣ ಪ್ರಮಾಣದಲ್ಲಿ ಸುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಆರಾಮಾಯಿತೆಂದು ಒಮ್ಮೆಲೆ ಬಿಟ್ಟರೆ ಮಾತ್ರ ಕೆಟ್ಟದ್ದು.

ಹೃದಯ ತೀರ ದುರ್ಬಲವಾಗಿರುವ ಕೆಲವರಿಗೆ ಎದೆಯ ಚರ್ಮದ ಕೆಳಗೆ ಪುಟ್ಟ ಯಂತ್ರ ಕೂರಿಸುತ್ತಾರೆ. ಕೆಳಕೋಣೆ ನಡುಗತೊಡಗಿದರೆ ಅದು ತಾನೇ ವಿದ್ಯುತ್ ಹೊಡೆತ ಕೊಟ್ಟು ತಾಳವನ್ನು ದಾರಿಗೆ ತರುತ್ತದೆ. ತನ್ನ ಗುರುವಿನ ಹಠಾತ್ ಸಾವಿನಿಂದ ನೊಂದ ಮಿಶೆಲ್ ಮಿರೊವ್‌ಸ್ಕಿ ಎಂಬ ವೈದ್ಯ ಹಲವು ವರ್ಷ ಹೆಣಗಿ ರೂಪಿಸಿದ ಇದನ್ನು ಮನುಷ್ಯರಲ್ಲಿ ಮೊದಲು ಅಳವಡಿಸಿದ್ದು 1980ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ಬೆಲೆ ಲಕ್ಷಗಳಲ್ಲಿ, ಹಳ್ಳಿಯ ಮನೆಗಳಿಗೆ ಸುಲಭವಲ್ಲ.

ಬೆಲೆಯಲ್ಲಿ ಇದಕ್ಕೆ ತೀರ ಇನ್ನೊಂದು ತುದಿಯಲ್ಲಿರುವುದು ಡಿಜಾಕ್ಸಿನ್. ಇಂಗ್ಲೆಂಡಿನ ಮುದುಕಿಯೊಬ್ಬಳು ಮೈಬಾವಿಗೆ ಕೊಡುತ್ತಿದ್ದ ಇಪ್ಪತ್ತರಷ್ಟು ಗಿಡಮೂಲಿಕೆಗಳ ಮದ್ದಿನಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲವ್ ಎಂಬ ಹೂಗಿಡ ಎಂದು ವಿಲಿಯಂ ವಿದರಿಂಗ್ ಗುರುತಿಸಿ 1785ರಲ್ಲಿ ಪುಸ್ತಕ ಬರೆದ. ಡಿಜಾಕ್ಸಿನ್ ಆ ಜಾತಿಯ ಗಿಡದಿಂದ ಬಂದದ್ದು. ಇಂದಿಗೂ ಹೃತ್ಕರ್ಣ ಕಂಪನದ ವೇಗ ತಗ್ಗಿಸಲು ಬಳಸುತ್ತಾರೆ. ಸ್ವಲ್ಪ ಹೆಚ್ಚಾದರೆ ಅದೇ ತಾಳ ಕೆಡಿಸುತ್ತದೆ: ವಾಕರಿಕೆ, ಊಟ ಸೇರದಿರುವುದು, ನೋಟ ಹಳದಿಯಾಗುವುದು, ನಾಡಿ ತೀರ ನಿಧಾನವಾಗುವುದು ಇದರ ಸೂಚನೆಗಳು. ತಿಮ್ಮಾಪುರದ ಹಿತ್ತಲುಗಳಲ್ಲಿ ಪೂಜೆಗೆಂದು ಬೆಳೆಯುವ ಕಣಗಿಲೆಯಲ್ಲೂ ಇದೇ ಬಗೆಯ ರಾಸಾಯನಿಕಗಳಿವೆ. ಹಾಗೆಂದು ಅದು ಮನೆಮದ್ದಲ್ಲ, ಬರೀ ವಿಷ. ದನಗಳಿಗೂ ತಿನ್ನಲು ಬಿಡಬಾರದು.

ಗಂಟಲಿನಿಂದ ಎದೆಗೆ

ಇಷ್ಟೆಲ್ಲ ಅಜ್ಜನ ಮಾತಾಯಿತು. ಆದರೆ ನಮ್ಮ ದೇಶದಲ್ಲಿ ಈ ರೋಗ ಮೂವತ್ತರ ತಾಯಂದಿರಲ್ಲೂ ಕಾಣಿಸುತ್ತದೆ, ಮತ್ತು ಅದರ ಬೇರು ಪ್ರಾಥಮಿಕ ಶಾಲೆಯ ದಿನಗಳಲ್ಲಿರುತ್ತದೆ. ಐದರಿಂದ ಹದಿನೈದು ವಯಸ್ಸಿನ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಜೀವಾಣುವಿನಿಂದ ಗಂಟಲು ನೋವು ಬರುತ್ತದೆ. ಅದು ತಾನಾಗಿ ಇಳಿದೂ ಹೋಗುತ್ತದೆ. ಎರಡು ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬಂದು ಮೊಣಕಾಲು, ಹಿಮ್ಮಡಿ, ಮೊಣಕೈ ಹೀಗೆ ಒಂದು ಬಿಟ್ಟು ಇನ್ನೊಂದು ಕೀಲು ಬಾಯುತ್ತದೆ. ಇದು ರುಮ್ಯಾಟಿಕ್ ಜ್ವರ. ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುವ ಜ್ವರವೆಂದು ವೈದ್ಯರಲ್ಲಿ ಹಳೆಯ ಮಾತೊಂದಿದೆ. ಕೀಲು ಪೂರ್ತಿ ಗುಣವಾಗುತ್ತದೆ. ಒಳಗೆ ಮಿಟ್ರಲ್ ಕವಾಟ ಮೆಲ್ಲಗೆ ಅಂಟಿಕೊಳ್ಳುತ್ತ, ಬಿರುಸಾಗುತ್ತ ಹೋಗುತ್ತದೆ. ವರ್ಷಗಳ ಮೇಲೆ, ಬಹಳ ಸಲ ಬಸಿರಿನಲ್ಲಿ, ಏದುಸಿರಾಗಿ ಹೊರಬೀಳುತ್ತದೆ. ಕಿರಿದಾದ ಕವಾಟದ ಹಿಂದಿನ ಹೃತ್ಕರ್ಣ ಹಿಗ್ಗಿ ಹಿಗ್ಗಿ ಕೊನೆಗೆ ನಡುಗತೊಡಗುತ್ತದೆ.

ಈ ಸರಪಳಿಯನ್ನು ಅಗ್ಗದಲ್ಲಿ ಕಡಿಯಲು ಸಾಧ್ಯವಿರುವುದು ಮೊದಲ ಕೊಂಡಿಯಲ್ಲಿ. ಜ್ವರದೊಡನೆ ಗಂಟಲು ನೋವು ಬಂದು ಉಗುಳು ನುಂಗಲೂ ಆಗದ ಮಗುವನ್ನು ವೈದ್ಯರಿಗೆ ತೋರಿಸಬೇಕು. ಬೇಕೆಂದರೆ ಅವರು ಪೆನಿಸಿಲಿನ್ ಕೊಡುತ್ತಾರೆ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಹಾಕಿಸುತ್ತಾರೆ. ಚುಚ್ಚುಮದ್ದು ನೋಯುತ್ತದೆ, ಮಗು ಮೇಲ್ನೋಟಕ್ಕೆ ಚೆನ್ನಾಗಿರುತ್ತದೆ, ಕಬ್ಬು ಕಡಿಯುವ ಹಂಗಾಮಿನಲ್ಲಿ ದಿನಗೂಲಿ ಬಿಟ್ಟು ಪೇಟೆಗೆ ಹೋಗಬೇಕು. ಬಿಟ್ಟುಬಿಡುವುದು ಏಕೆಂದು ಅರ್ಥವಾಗುವಂಥದ್ದೇ. ಆದರೆ ಬಿಟ್ಟಾಗ ಜ್ವರ ಮರುಕಳಿಸಬಹುದು, ಪ್ರತಿ ಮರುಕಳಿಕೆಯೂ ಕವಾಟವನ್ನು ಇನ್ನಷ್ಟು ಕೆಡಿಸುತ್ತದೆ. ಕಿರಿದಾದ ಕವಾಟವನ್ನು ಎದೆ ಸೀಳದೆ ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೆಸರಾಗಿದೆ. ಮೈಸೂರು, ಕಲಬುರಗಿಗಳಲ್ಲೂ ಆ ಸಂಸ್ಥೆಯ ಆಸ್ಪತ್ರೆಗಳಿವೆ.

ಮೂರು ಬೆರಳು, ಒಂದು ವಹಿ

ಅಜ್ಜ ಐದು ನಿಮಿಷ ಸುಮ್ಮನೆ ಕೂತ ಮೇಲೆ, ಅಂಗೈ ಮೇಲೆ ಮಾಡಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಡಬೇಕು. ಎಣಿಸುವವರ ಹೆಬ್ಬೆರಳು ಬೇಡ. ಅದರದೇ ಮಿಡಿತ ಸೇರಿಕೊಂಡು ಲೆಕ್ಕ ತಪ್ಪಿಸುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಶಾಲೆಯ ಪ್ರಯೋಗಕ್ಕೆ ಸರಿ, ಇಲ್ಲಿ ನಡೆಯದು. ತಾಳ ತಪ್ಪಿದ ನಾಡಿಯಲ್ಲಿ ಒಂದು ಕಾಲು ನಿಮಿಷದ ಹಾಗೆ ಇನ್ನೊಂದು ಇರುವುದಿಲ್ಲ. ಪೂರ್ತಿ 60 ಸೆಕೆಂಡು ಎಣಿಸಬೇಕು. ವಹಿಯಲ್ಲಿ ತಾರೀಖು, ನಾಡಿ, ಸಮವೋ ಅಲ್ಲವೋ, ಮತ್ತು ಬೆಳಿಗ್ಗೆ ಮೂತ್ರವಾದ ಮೇಲೆ, ನಾಷ್ಟಾಕ್ಕೆ ಮೊದಲು ನೋಡಿದ ತೂಕ ಬರೆಯಬೇಕು. ಮೊದಲು ಸಮವಿದ್ದ ನಾಡಿ ಲೆಕ್ಕ ತಪ್ಪಿದರೆ, ಕೂತಲ್ಲಿಯೇ 100 ದಾಟಿ ಹಾಗೆಯೇ ನಿಂತರೆ, 50ಕ್ಕಿಂತ ಇಳಿದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ವಹಿ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಬೇಕು. ಎಚ್ಚರ ತಪ್ಪಿದರೆ, ಎದೆ ಹಿಂಡಿದಂತೆ ನೋವು ಬಂದರೆ, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ಒಂದು ಕೈ ಬಿದ್ದುಹೋದರೆ ಕಾಯುವಂತಿಲ್ಲ. 108ಕ್ಕೆ ಫೋನು ಮಾಡಬೇಕು.

ಮಕ್ಕಳು ತಮ್ಮ ನಾಡಿಯನ್ನೂ ಹಿಡಿದು ನೋಡುವುದು ಖಂಡಿತ. ಉಸಿರು ಒಳಗೆಳೆದಾಗ ಸ್ವಲ್ಪ ಚುರುಕು, ಬಿಟ್ಟಾಗ ನಿಧಾನ ಎನಿಸಿದರೆ ಹೆದರಬೇಕಿಲ್ಲ. ಎಳೆಯರಲ್ಲಿ ಇದು ಆರೋಗ್ಯದ ಗುರುತು. ಪರೀಕ್ಷೆಯ ಬೆಳಿಗ್ಗೆ ಎದೆ ಹೊಡೆದುಕೊಳ್ಳುವುದೂ ರೋಗವಲ್ಲ. ಆದರೆ ಓಡುವಾಗ ಎಚ್ಚರ ತಪ್ಪಿ ಬೀಳುವ ಮಗುವನ್ನು 'ಊಟ ಬಿಟ್ಟಿದ್ದಕ್ಕೆ' ಎಂದು ಸುಮ್ಮನೆ ಬಿಡದೆ ಇಸಿಜಿ ಮಾಡಿಸಬೇಕು.

ಬೆರಳು ಅನುಮಾನ ಹುಟ್ಟಿಸಬಲ್ಲದು, ತೀರ್ಪು ಇಸಿಜಿಯದೇ. ನೆದರ್ಲೆಂಡ್ಸಿನ ವಿಲ್ಲೆಮ್ ಐಂಥೋವನ್ ನೂರಿಪ್ಪತ್ತು ವರ್ಷಗಳ ಹಿಂದೆ ಕಟ್ಟಿದ ಇಸಿಜಿ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಅವನು ರೋಗಿಯ ಕೈಕಾಲುಗಳನ್ನು ಆಸ್ಪತ್ರೆಯಲ್ಲಿಯೇ ಉಪ್ಪುನೀರಿನಲ್ಲಿ ಇಡಿಸಿ, ಸಂದೇಶವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡ. 1924ರಲ್ಲಿ ಅವನಿಗೆ ನೊಬೆಲ್ ಬಂತು. ಕರ್ನಾಟಕ ಸರಕಾರ 2023ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಘೋಷಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುವುದೂ ಅದೇ ಬಗೆಯ ಉಪಾಯ. ಅದು ಮುಖ್ಯವಾಗಿ ಹೃದಯಾಘಾತಕ್ಕೆಂದು ಬಂದದ್ದಾದರೂ ತಾಳ ತಪ್ಪಿದ್ದು ಅದೇ ಕಾಗದದಲ್ಲಿ ಕಾಣುತ್ತದೆ.

ಅಡಿಗೆಮನೆಯಲ್ಲಿ ಹೃದಯ ವೈಫಲ್ಯದವರ ವೈರಿ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಶೇಂಗಾ ಚಟ್ನಿ, ಸಂಜೆಯ ಮಿರ್ಚಿ ಭಜಿ, ಒಂದೊಂದರಲ್ಲೂ ಉಪ್ಪು ಅಡಗಿದೆ. ಅಂಗಡಿಯಲ್ಲಿ ಸಿಗುವ ಮೊಣಕಾಲು ನೋವಿನ ಗುಳಿಗೆಗಳು ಮೈಯಲ್ಲಿ ನೀರು ಹಿಡಿಸುತ್ತವೆ, ಕೇಳದೆ ನುಂಗಬಾರದು. ಈ ಸೀಮೆಯ ಬೇಸಿಗೆ ಇನ್ನೊಂದು ಗಂಡಾಂತರ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬೆವರು ಹರಿದು, ಮೇಲೆ ಮೂತ್ರವರ್ಧಕವೂ ಸೇರಿ ನೀರು, ಲವಣ ಎರಡೂ ಇಳಿಯುತ್ತವೆ. ವಾಂತಿ ಭೇದಿಯಾದರಂತೂ ಇನ್ನೂ ಬೇಗ. ಆಗ ಗುಳಿಗೆಯ ಪ್ರಮಾಣ ಬದಲಿಸಬೇಕೇ, ಎಳನೀರು ಕೊಡಬಹುದೇ ಎಂದು ವೈದ್ಯರನ್ನೇ ಕೇಳಬೇಕು. ಕೆಲವು ಹೃದಯದ ಗುಳಿಗೆಗಳು ಪೊಟ್ಯಾಸಿಯಮ್ ಏರಿಸುವುದರಿಂದ ಒಬ್ಬರಿಗೆ ಹಿತವಾದ ಎಳನೀರು ಇನ್ನೊಬ್ಬರಿಗೆ ಅಪಾಯ ತಂದೀತು.

ಮಕ್ಕಳು ಮೊದಲೆರಡು ದಿನ ತಪ್ಪೆಣಿಸುತ್ತಾರೆ, ಮೂರನೆಯ ದಿನಕ್ಕೆ ಬೆರಳಿಗೆ ಜಾಗ ಸಿಗುತ್ತದೆ. ಅಜ್ಜಂದಿರು ಮೊದಮೊದಲು "ಏನ್ ದೊಡ್ಡ ಡಾಕ್ಟರ್ ಆಗೀಯೇನ" ಎಂದು ನಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಬೆಳಿಗ್ಗೆ ತಾವಾಗಿಯೇ ಅಂಗಿಯ ತೋಳು ಮೇಲೇರಿಸಿ ಕೈ ಮುಂದೆ ಚಾಚಿ ಕೂತಿರುತ್ತಾರೆ.